ಕೋಶಕಾರವೂ ಭ್ರಮರಕೀಟವೂ: ಒಂದು ದೃಷ್ಟಾಂತವಿಮರ್ಶೆ

ಸಂಸಾರಬಂಧವನ್ನೂ ಮುಕ್ತಿಯನ್ನೂ ವರ್ಣಿಸುವಾಗ ಕವಿಗಳೂ ವೇದಾಂತಿಗಳೂ ಹುಳುವಿನ ಹೋಲಿಕೆಯನ್ನು ಎತ್ತಿಕೊಳ್ಳುವುದು ಬಹುಕಾಲದಿಂದ ನಡೆದುಬಂದ ರೂಢಿಯಾಗಿದೆ. ಅಂತಹ ಹೋಲಿಕೆಗಳಲ್ಲಿ ಎರಡು ಅತ್ಯಂತ ಪ್ರಸಿದ್ಧವಾಗಿವೆ. ತನ್ನ ಬಾಯಿಯ ನೂಲಿನಿಂದ ತನ್ನನ್ನೇ ಸುತ್ತಿಕೊಂಡು ಸೆರೆಬೀಳುವ ಕೋಶಕಾರಕೀಟವು, ಎಂದರೆ ರೇಷ್ಮೆಯ ಹುಳುವು, ಮೊದಲನೆಯದು. ಗೋಡೆಯ ಮಣ್ಣಿನ ಗೂಡಿನಲ್ಲಿ ಸೆರೆಯಾಗಿ, ತನ್ನನ್ನು ತಂದಿಟ್ಟ ಭ್ರಮರವನ್ನೇ ಭಯದಿಂದ ಎಡೆಬಿಡದೆ ಧ್ಯಾನಿಸಿ, ಕಡೆಗೆ ತಾನೂ ಭ್ರಮರವೇ ಆಗಿಬಿಡುವ ಕೀಟವು ಎರಡನೆಯದು. ಒಂದು ಬಂಧಕ್ಕೆ ದೃಷ್ಟಾಂತ, ಮತ್ತೊಂದು ಮುಕ್ತಿಗೆ ದೃಷ್ಟಾಂತ. ಪುರಾಣಪ್ರವಚನಗಳನ್ನು ಕೇಳಿ ಬೆಳೆದ ಮನೆಗಳಲ್ಲಿ ಇವೆರಡನ್ನೂ ಅರಿಯದವರು ವಿರಳ. ಆದರೆ ಇವುಗಳಲ್ಲಿ ಯಾವುದು ಎಷ್ಟರಮಟ್ಟಿಗೆ ನಿಜವೆಂಬ ಪ್ರಶ್ನೆ ಪ್ರವಚನಮಂಟಪದಲ್ಲಿ ಏಳುವುದು ಅಪರೂಪ. ಅದು ಏಳುವುದು ಹುಳು ಸಾಕುವ ಮನೆಯಲ್ಲಿ.

ಕೋಲಾರ, ಶಿಡ್ಲಘಟ್ಟ, ರಾಮನಗರ, ಮಂಡ್ಯ ಮೊದಲಾದ ಸೀಮೆಗಳಲ್ಲಿ ರೇಷ್ಮೆಯ ಹುಳುವನ್ನು ಸಾಕುವುದು ಮನೆಮನೆಯ ಕಸುಬು. ಈಚೆಗೆ ಅದಕ್ಕೆಂದು ಬೇರೆ ಮನೆಗಳನ್ನು ಕಟ್ಟುತ್ತಾರಾದರೂ, ಹಿಂದೆ ಮನುಷ್ಯರು ವಾಸಿಸುವ ಮನೆಯೊಳಗೇ ತಟ್ಟೆಗಳ ಸಾಲು ನಿಲ್ಲುತ್ತಿತ್ತು. ಅಂತಹ ಮನೆಯ ಹುಡುಗನೊಬ್ಬನು ಮೊಟ್ಟೆಯ ಹಾಳೆಯಿಂದ ಮೊದಲ್ಗೊಂಡು ಚಿಟ್ಟೆ ಹೊರಬರುವವರೆಗಿನ ಎಲ್ಲವನ್ನೂ ಕಣ್ಣಾರೆ ಕಂಡು, ಮರುದಿನ ಪಾಠದಲ್ಲಿ “ಕೋಶಕಾರವು ತನ್ನ ಗೂಡಿನಲ್ಲಿ ತಾನೇ ಸಾಯುತ್ತದೆ” ಎಂಬ ವ್ಯಾಖ್ಯಾನವನ್ನು ಕೇಳಿದನೆಂದರೆ, “ಇಲ್ಲ ಸ್ವಾಮಿ, ಅದು ರಂಧ್ರಮಾಡಿಕೊಂಡು ಹೊರಗೆ ಬರುತ್ತದೆ” ಎನ್ನದೆ ಇರಲಾರನು. ಆಗ ಗುರುಗಳ ಮುಂದೆ ಎರಡು ದಾರಿಗಳು ಉಳಿಯುತ್ತವೆ. ಹುಡುಗನ ಬಾಯಿ ಮುಚ್ಚಿಸುವುದು ಒಂದು. ಶ್ಲೋಕವನ್ನು ಬಿಟ್ಟುಕೊಡುವುದು ಮತ್ತೊಂದು. ಎರಡೂ ನಷ್ಟವೇ. ಮೊದಲನೆಯದರಿಂದ ಹುಡುಗನಿಗೆ ಕಣ್ಣಿನ ಮೇಲಿನ ನಂಬಿಕೆ ಹೋಗುತ್ತದೆ. ಎರಡನೆಯದರಿಂದ ಶಾಸ್ತ್ರದ ಮೇಲಿನದು. ಮೂರನೆಯ ದಾರಿಯೊಂದುಂಟೇ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ವಿಚಾರಕ್ಕೆ ಮೊದಲು ಅಳತೆಗೋಲೊಂದು ಬೇಕು. ಕಾವ್ಯದ ಹೋಲಿಕೆಗಳೆಲ್ಲಕ್ಕೂ ಒಂದೇ ಅಳತೆ ಸಲ್ಲದು. ಚಕೋರವು ಬೆಳದಿಂಗಳನ್ನು ಕುಡಿಯುತ್ತದೆ, ಹಂಸವು ನೀರಿನಿಂದ ಹಾಲನ್ನು ಬೇರ್ಪಡಿಸುತ್ತದೆ ಎಂಬಿವು ಕವಿಸಮಯಗಳು. ಶಾಸ್ತ್ರದಲ್ಲಾಗಲಿ ಲೋಕದಲ್ಲಾಗಲಿ ಕಾಣದಿದ್ದರೂ ಪರಂಪರೆಯಿಂದ ಬಂದುವೆಂಬ ಕಾರಣಕ್ಕೆ ಕವಿಗಳು ಇವನ್ನು ಬಳಸಬಹುದೆಂದು ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಅನುಮತಿ ಕೊಟ್ಟಿದ್ದಾನೆ. ಚಕೋರದ ಹೊಟ್ಟೆಯನ್ನು ಸೀಳಿ ಬೆಳದಿಂಗಳನ್ನು ಹುಡುಕುವವನು ರಸಿಕನಲ್ಲ. ಆದರೆ ಮೋಕ್ಷಶಾಸ್ತ್ರದಲ್ಲಿ ಬರುವ ಹೋಲಿಕೆಯು ರಂಜನೆಗಾಗಿ ಬಂದುದಲ್ಲ. ಕೇಳುವವನಿಗೆ ಒಂದು ತತ್ತ್ವವನ್ನು ನಂಬಿಸುವುದಕ್ಕಾಗಿ ಬಂದುದು. ಅದು ದೃಷ್ಟಾಂತ. ಗೌತಮನ ನ್ಯಾಯಸೂತ್ರದ ಪ್ರಕಾರ, ಲೌಕಿಕನಿಗೂ ಪರೀಕ್ಷಕನಿಗೂ ಯಾವ ವಿಷಯದಲ್ಲಿ ಬುದ್ಧಿಯು ಸಮವಾಗಿರುವುದೋ ಅದೇ ದೃಷ್ಟಾಂತವೆನಿಸಿಕೊಳ್ಳಲು ಅರ್ಹ. ಎಂದರೆ ಹುಳು ಸಾಕುವ ಒಕ್ಕಲಗಿತ್ತಿಯೂ ತರ್ಕವನ್ನೋದಿದ ಪಂಡಿತನೂ ಇಬ್ಬರೂ “ಅದು ಹಾಗೆಯೇ ಸರಿ” ಎಂದು ಒಪ್ಪಬೇಕು. ಒಬ್ಬರು ಒಪ್ಪದಿದ್ದರೂ ಅದು ದೃಷ್ಟಾಂತದ ಪದವಿಯಿಂದ ಜಾರುತ್ತದೆ.

ಈ ಪರೀಕ್ಷೆಯಲ್ಲಿ ಗೆಲ್ಲುವ ಹೋಲಿಕೆಗಳಿಗೆ ಪ್ರಾಚೀನರಲ್ಲಿ ಕೊರತೆಯಿಲ್ಲ. ಬೃಹದಾರಣ್ಯಕದಲ್ಲಿ, ಹುಲ್ಲಿನ ತುದಿಗೆ ಬಂದ ಹುಳುವು ಮುಂದಿನ ಎಸಳನ್ನು ಹಿಡಿದುಕೊಂಡ ಮೇಲೆಯೇ ಹಿಂದಿನದನ್ನು ಬಿಡುವ ಹಾಗೆ ಜೀವನು ದೇಹದಿಂದ ದೇಹಕ್ಕೆ ಸಾಗುತ್ತಾನೆ ಎಂಬ ಮಾತು ಬರುತ್ತದೆ. ರೇಷ್ಮೆಯ ಹುಳುವನ್ನು ಒಂದು ಎಲೆಯಿಂದ ಮತ್ತೊಂದು ಎಲೆಗೆ ಹರಿಯಗೊಟ್ಟು ನೋಡಿದವರು ಇದನ್ನು ಕೂಡಲೆ ಒಪ್ಪುತ್ತಾರೆ. ಎದೆಯ ಮೂರು ಜೊತೆ ಕಾಲುಗಳು ಹೊಸ ಎಲೆಯ ಅಂಚನ್ನು ತಡಕಿ ಹಿಡಿಯುವವರೆಗೆ ಹಿಂದಿನ ಗಿಡ್ಡಗಾಲುಗಳು ಹಳೆಯದನ್ನು ಬಿಡುವುದಿಲ್ಲ. ಆ ಮಾತನ್ನಾಡಿದ ಋಷಿಯು ಹುಳುವನ್ನು ಬಗ್ಗಿ ನೋಡಿದವನೆಂಬುದರಲ್ಲಿ ಸಂದೇಹವಿಲ್ಲ.

ಇನ್ನು ಕೋಶಕಾರದ ವಿಚಾರ. ಈ ಹೋಲಿಕೆಯನ್ನು ತೂಗಬೇಕಾದರೆ ಹುಳುವಿನ ನಡೆಯನ್ನು ಮೊಟ್ಟೆಯಿಂದಲೇ ತಿಳಿಯುವುದು ಯುಕ್ತ. ಒಂದು ಹೆಣ್ಣು ಚಿಟ್ಟೆಯು ಸಾಮಾನ್ಯವಾಗಿ ನಾಲ್ಕುನೂರರಷ್ಟು ಮೊಟ್ಟೆಗಳನ್ನು ಇಡುತ್ತದೆ. ಗಸಗಸೆಯಂತೆ ಸಣ್ಣಗಿರುವ ಆ ಮೊಟ್ಟೆಗಳು ಮೈಸೂರು ತಳಿಯಲ್ಲಿ ಹತ್ತು ಹನ್ನೊಂದು ದಿನಗಳಲ್ಲಿ ಒಡೆಯುತ್ತವೆ. ಒಡೆಯುವುದಕ್ಕೆ ಮುಂಚಿನ ದಿನ ಅವು ನೀಲಿಗಪ್ಪಾಗುತ್ತವೆ. ಹೊರಬಂದ ಮರಿಯು ಮೂರು ಮಿಲಿಮೀಟರಿನಷ್ಟು ಉದ್ದವಾಗಿ, ಕಪ್ಪಗೆ, ಮೈತುಂಬ ರೋಮವುಳ್ಳದ್ದಾಗಿರುವುದರಿಂದ ಹೊಸಬರಿಗೆ ಇರುವೆಯ ಭ್ರಾಂತಿಯಾಗುತ್ತದೆ. ಹಿಪ್ಪುನೇರಳೆಯ ಎಳೆಯ ಎಲೆಯನ್ನು ಸಣ್ಣಗೆ ಹೆಚ್ಚಿ ಉದುರಿಸಿದರೆ ಅದು ತಿನ್ನಲಾರಂಭಿಸುತ್ತದೆ. ಈ ಎಳೆತನದ ಸಾಕಣೆಗೆ ಚಾಕಿಯೆಂದು ಹೆಸರು.

ಆಮೇಲೆ ನಾಲ್ಕು ಸಲ ಅದು ತಿನ್ನುವುದನ್ನು ಬಿಟ್ಟು, ತಲೆಯನ್ನೆತ್ತಿ, ಒಂದು ದಿನದಷ್ಟು ಕಾಲ ಅಲುಗಾಡದೆ ನಿಲ್ಲುತ್ತದೆ. ಸಾಕುವವರು ಇದನ್ನು ಹುಳುವಿಗೆ “ಜ್ವರ” ಬಂದಿತೆನ್ನುತ್ತಾರೆ. ಅದು ರೋಗವಲ್ಲ, ಮೈ ಬೆಳೆದು ಚರ್ಮ ಸಾಲದಾದಾಗ ಹಳೆಯದನ್ನು ಕಳಚಿ ಹೊಸದನ್ನು ಪಡೆಯುವ ಕ್ರಮ. ನಾಲ್ಕನೆಯ ಜ್ವರ ಕಳೆದ ಮೇಲೆ ಹಸಿವು ಮಿತಿಮೀರುತ್ತದೆ. ಹುಟ್ಟಿನಿಂದ ಗೂಡಿನವರೆಗೆ ತಿನ್ನುವ ಎಲೆಯಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಈ ಕಡೆಯ ವಾರದಲ್ಲಿಯೇ ಮುಗಿಯುತ್ತದೆ. ರಾತ್ರಿಯಲ್ಲಿ ದೀಪವಾರಿಸಿ ಮಲಗಿದವರಿಗೆ ಆ ಸಾವಿರಾರು ಬಾಯಿಗಳ ಸದ್ದು ತುಂತುರು ಮಳೆಯ ಹಾಗೆ ಕೇಳುತ್ತದೆ. ಸುಮಾರು ಇಪ್ಪತ್ತೈದು ದಿನಗಳಲ್ಲಿ ಹುಳುವಿನ ತೂಕವು ಹುಟ್ಟಿದಾಗಿನದರ ಹತ್ತು ಸಾವಿರದಷ್ಟಾಗುತ್ತದೆ. ಆಗ ಒಮ್ಮೆಲೇ ಆಹಾರದಲ್ಲಿ ವೈರಾಗ್ಯ. ಎಲೆಯನ್ನು ಮುಂದಿಟ್ಟರೂ ಮೂಸುವುದಿಲ್ಲ. ಮೈ ಪಾರದರ್ಶಕವಾಗಿ ಹೊಳೆಯುತ್ತದೆ. ತಲೆಯನ್ನೆತ್ತಿ ಆಸರೆಯನ್ನು ಹುಡುಕುತ್ತದೆ. ಇದಕ್ಕೆ “ಹುಳು ಹಣ್ಣಾಯಿತು” ಎನ್ನುವುದು ವಾಡಿಕೆ. ಹಣ್ಣಾದ ಹುಳುಗಳನ್ನು ಆರಿಸಿ, ಬಿದಿರಿನ ಪಟ್ಟಿಗಳನ್ನು ಸುರುಳಿಯಾಗಿ ಹೆಣೆದ ಚಂದ್ರಿಕೆಗಳಿಗೆ ಬಿಡುತ್ತಾರೆ.

ಅಲ್ಲಿ ಹುಳುವು ಮೊದಲು ಅಡ್ಡಾದಿಡ್ಡಿಯಾಗಿ ಕೆಲವು ಎಳೆಗಳನ್ನು ಕಟ್ಟಿ, ತರುವಾಯ ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತ ತನ್ನ ಸುತ್ತ ಗೋಡೆಯನ್ನೆತ್ತುತ್ತದೆ. ಮೊದಲ ದಿನ ತೆಳುವಾದ ತೆರೆಯ ಹಿಂದೆ ಅದು ಕಾಣುತ್ತಿರುತ್ತದೆ, ಮರುದಿನ ನೆರಳಾಗುತ್ತದೆ, ಮೂರನೆಯ ದಿನ ಕಾಣಿಸದು. ಎರಡು ಸಣ್ಣ ಎಳೆಗಳು ಒಂದು ಬಗೆಯ ಅಂಟಿನಿಂದ ಕೂಡಿ ಒಂದೇ ನೂಲಾಗಿರುತ್ತವೆ. ಈ ನೂಲು ನಾಡ ತಳಿಯಲ್ಲಿ ಕೆಲವು ನೂರು ಮೀಟರು, ಉತ್ತಮವಾದ ಬಿಳಿಗೂಡಿನ ತಳಿಗಳಲ್ಲಿ ಒಂದು ಸಾವಿರ ಮೀಟರಿಗೂ ಮೀರಿ, ಕಡಿಯದೆ ಒಂದೇ ಆಗಿ ಸಾಗುತ್ತದೆ. ಕೋಶದಿಂದ ಹುಟ್ಟಿದ್ದು ಕೌಶೇಯವೆಂಬ ವ್ಯುತ್ಪತ್ತಿಗಾಗಿ ಪಾಣಿನಿಯು ಪ್ರತ್ಯೇಕವಾಗಿ ಒಂದು ಸೂತ್ರವನ್ನೇ ರಚಿಸಿದ್ದಾನೆ. ಆದಕಾರಣ ಭರತಖಂಡಕ್ಕೆ ಈ ವಸ್ತುವಿನ ಪರಿಚಯ ಹೊಸದಲ್ಲ.

ಇಲ್ಲಿಯವರೆಗೆ ಕಂಡವರು “ಹುಳುವು ತನ್ನನ್ನು ತಾನೇ ಸೆರೆಹಾಕಿಕೊಂಡಿತು” ಎನ್ನುವುದು ಸಹಜ. ಇಷ್ಟನ್ನೇ ಹೇಳಿ ನಿಲ್ಲಿಸಿದ ಗ್ರಂಥಗಳೂ ಉಂಟು. ಶಾಂತಿಪರ್ವದ ಮೋಕ್ಷಧರ್ಮದಲ್ಲಿ ನಾರದರು ಶುಕನಿಗೆ ಉಪದೇಶಿಸುವಾಗ, ಮೋಹದ ತಂತುಗಳಿಂದ ಕೋಶಕಾರದಂತೆ ತನ್ನನ್ನು ಸುತ್ತಿಕೊಳ್ಳುವವನಿಗೆ ಆ ಸುತ್ತಿಕೆಯ ಅರಿವಾಗುವುದಿಲ್ಲವೆನ್ನುತ್ತಾರೆ. ಭಾಗವತದ ಆರನೆಯ ಸ್ಕಂಧದಲ್ಲಿ, ಅಜಾಮಿಳನ ಕಥೆಯ ಯಮದೂತರು, ದೇಹಿಯು ಕೋಶಕಾರದಂತೆ ಕರ್ಮದಿಂದ ತನ್ನನ್ನು ಮುಚ್ಚಿಕೊಂಡು ಮೋಹಗೊಳ್ಳುತ್ತಾನೆಂದು ಹೇಳುತ್ತಾರೆ. ಎರಡು ಕಡೆಯಲ್ಲಿಯೂ ಹೇಳಿರುವುದು ಸುತ್ತಿಕೊಳ್ಳುವುದನ್ನು, ಅರಿಯದಿರುವುದನ್ನು. ಹುಳು ಸತ್ತಿತೆಂಬ ಮಾತು ಎರಡರಲ್ಲಿಯೂ ಇಲ್ಲ. ಸಾವನ್ನು ಸೇರಿಸಿದವರು ಪ್ರವಚನಕಾರರು. ಮೂಲವು ಮೌನವಾಗಿರುವಲ್ಲಿ ವ್ಯಾಖ್ಯಾನವು ಮಾತಾಡಿತು; ಹುಡುಗನ ಆಕ್ಷೇಪವು ತಗಲುವುದು ಆ ಮಾತಿಗೇ ಹೊರತು ಮೂಲಕ್ಕಲ್ಲ. ಹೀಗೆ ಮೂರನೆಯ ದಾರಿಯ ಮೊದಲ ಹೆಜ್ಜೆ ಸಿಕ್ಕಿತು: ಶ್ಲೋಕವನ್ನು ಬಿಡುವುದಕ್ಕೆ ಮುಂಚೆ ಶ್ಲೋಕವನ್ನು ಸರಿಯಾಗಿ ಓದತಕ್ಕದ್ದು.

ಕನ್ನಡದಲ್ಲಿ ಈ ಹೋಲಿಕೆಯು ಶಿಖರವನ್ನು ಮುಟ್ಟಿರುವುದು ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಯ ವಚನದಲ್ಲಿ. ಮೈಸೂರು ಸೀಮೆಯಲ್ಲಿ ರೇಷ್ಮೆಯ ಸಾಕಣೆಯನ್ನು ಟಿಪ್ಪು ಸುಲ್ತಾನನು ನೆಲೆಗೊಳಿಸಿದ್ದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ. ಅದಕ್ಕಿಂತ ಆರು ನೂರು ವರ್ಷಗಳ ಹಿಂದೆಯೇ ಅಕ್ಕನ ಬಾಯಲ್ಲಿ ತೆರಣಿಯ ಹುಳುವಿನ ಮಾತು ಬಂದಿದೆ. ಹುಳುವು ಸ್ನೇಹದಿಂದ ಮನೆಯನ್ನು ಕಟ್ಟಿಕೊಂಡು, ತನ್ನ ನೂಲೇ ತನ್ನನ್ನು ಸುತ್ತಿ ಸಾಯುವ ಹಾಗೆ, ಮನಸ್ಸಿಗೆ ಬಂದುದನ್ನೆಲ್ಲ ಬಯಸಿ ತಾನು ಬೇಯುತ್ತಿರುವುದಾಗಿ ಅಕ್ಕನು ಚೆನ್ನಮಲ್ಲಿಕಾರ್ಜುನನಲ್ಲಿ ಮೊರೆಯಿಡುತ್ತಾಳೆ. ಸಂಸ್ಕೃತಮೂಲಗಳಲ್ಲಿಲ್ಲದ ಸಾವು ಇಲ್ಲಿ ಸ್ಪಷ್ಟವಾಗಿ ಬಂದಿದೆ. ಹಾಗಾದರೆ ಹುಡುಗನ ಆಕ್ಷೇಪವು ಅಕ್ಕನಿಗೆ ತಗಲುವುದೇ?

ಮೇಲುನೋಟಕ್ಕೆ ತಗಲುವಂತೆ ತೋರುತ್ತದೆ. ಆದರೆ ವಚನದ ಎರಡು ಶಬ್ದಗಳನ್ನು ನಿಧಾನಿಸಿ ನೋಡಬೇಕು. ಮೊದಲನೆಯದು “ಸ್ನೇಹ”. ಈ ಶಬ್ದಕ್ಕೆ ಪ್ರೀತಿಯೆಂಬ ಅರ್ಥವಿರುವಂತೆ ಜಿಗುಟು, ಅಂಟು ಎಂಬ ಅರ್ಥವೂ ಇದೆ. ಹಿಟ್ಟಿನ ಪುಡಿಯನ್ನು ಉಂಡೆಯಾಗಿ ಹಿಡಿಸುವ ನೀರಿನ ಗುಣವನ್ನು ತಾರ್ಕಿಕರು ಸ್ನೇಹವೆಂದೇ ಕರೆಯುತ್ತಾರೆ. ಹುಳುವು ಎರಡು ಎಳೆಗಳನ್ನು ಕೂಡಿಸಿ ಗೋಡೆಯನ್ನು ಗಟ್ಟಿಮಾಡುವುದು ಮೈಯೊಳಗಿನ ಅಂಟಿನಿಂದಲೇ. ಜೀವನಿಗೆ ಮನೆಯ ಮೇಲಿನ ಅಂಟು, ಹುಳುವಿಗೆ ನೂಲಿನ ಅಂಟು. ಇಂತಹ ಶ್ಲೇಷವು ಗೂಡನ್ನು ಕೈಯಲ್ಲಿ ಹಿಡಿದು ನೋಡಿದವರಿಗೇ ಹೊಳೆಯತಕ್ಕದ್ದು. ಎರಡನೆಯದು “ಬೇಯು” ಎಂಬ ಧಾತು. ಬಯಕೆಯಲ್ಲಿ ಸುಡುವುದಕ್ಕೆ, ಉರಿಯುವುದಕ್ಕೆ, ಕಂದುವುದಕ್ಕೆ ಕನ್ನಡದಲ್ಲಿ ಶಬ್ದಗಳು ಸಾಕಷ್ಟಿವೆ. ವಚನದಲ್ಲಿರುವುದು ಬೇಯುವುದು. ರೇಷ್ಮೆಯ ಗೂಡಿಗೆ ಕಡೆಗೆ ಆಗುವ ಗತಿ ಅದೇ. ನೂಲು ಬಿಚ್ಚುವವರು ಗೂಡನ್ನು ಮೊದಲು ಬಿಸಿಲಿನಲ್ಲಿಯೋ ಹಬೆಯಲ್ಲಿಯೋ ಇಟ್ಟು ಒಳಗಿನ ಜೀವವನ್ನು ಕೊಂದು, ಆಮೇಲೆ ಕುದಿನೀರಿಗೆ ಹಾಕಿ, ಅಂಟನ್ನು ಸಡಿಲಿಸಿ ಎಳೆಯನ್ನು ಹಿಡಿಯುತ್ತಾರೆ. ಉಪಮಾನದಲ್ಲಿ ಕಾಣಿಸದ ಹಂಡೆಯು ಉಪಮೇಯದ ಕ್ರಿಯಾಪದದಲ್ಲಿ ಕಾಣಿಸಿಕೊಂಡಿದೆ.

ಆದ್ದರಿಂದ ಅಕ್ಕನ ಹೋಲಿಕೆಯನ್ನು ಸುಳ್ಳೆನ್ನಲಾಗದು. ಲೋಕದಲ್ಲಿ ಕಟ್ಟಲ್ಪಡುವ ಗೂಡುಗಳಲ್ಲಿ ಬಹುಪಾಲಿನ ಕಥೆಯು ಸಾವಿನಲ್ಲಿಯೇ ಮುಗಿಯುತ್ತದೆ. ಬಿತ್ತನೆಗೆಂದು ಉಳಿಸಿದ ಸ್ವಲ್ಪ ಗೂಡುಗಳಲ್ಲಿ ಮಾತ್ರವೇ ಅದು ಮುಂದುವರಿಯುತ್ತದೆ. ಆ ಸಾವಿಗೆ ನೂಲು ನಿಮಿತ್ತವೂ ಹೌದು. ನೂಲಿಲ್ಲದ ಹುಳುವನ್ನು ಯಾರೂ ಬೇಯಿಸುವುದಿಲ್ಲ. ಅಲ್ಲದೆ ವಚನವು ಉಪದೇಶವಲ್ಲ, ಮೊರೆ. ಪರರನ್ನು ನಂಬಿಸುವ ಹೊಣೆ ಅದಕ್ಕಿಲ್ಲ. ತನ್ನ ಸಂಕಟಕ್ಕೆ ರೂಪ ಕೊಡುವುದಷ್ಟೇ ಅದರ ಕೆಲಸ, ಅದನ್ನು ಅದು ಪೂರ್ಣವಾಗಿ ಮಾಡಿದೆ. ದೋಷವಿರುವುದು ಅದನ್ನು ಮೊರೆಯಿಂದ ಕಿತ್ತು, “ನೋಡಿರಿ, ಹುಳುವು ತನ್ನ ಆಶೆಯಿಂದಲೇ ಸತ್ತಿತು” ಎಂದು ಬೋಧನೆಯ ವಾಕ್ಯವಾಗಿ ಮಾಡುವವರಲ್ಲಿ. ಏಕೆಂದರೆ ಹುಳುವು ಆಶೆಯಿಂದ ಸಾಯುವುದಿಲ್ಲ. ಅದನ್ನು ಕೊಲ್ಲುವುದು ಆಶೆಯೇ ಹೌದು. ಆದರೆ ಆ ಆಶೆ ಹುಳುವಿನದಲ್ಲ.

ಯಾರೂ ಕೊಲ್ಲದೆ ಬಿಟ್ಟ ಗೂಡಿನಲ್ಲಿ ನಡೆಯುವುದೇನು? ಐದಾರು ದಿನಗಳ ತರುವಾಯ ಗೂಡಿನ ತುದಿಯನ್ನು ಹದವಾಗಿ ಕತ್ತರಿಸಿ ನೋಡಿದರೆ ಒಳಗೆ ಹುಳುವಿನ ಸುಕ್ಕಿದ ಚರ್ಮವೊಂದು ಮೂಲೆಯಲ್ಲಿ ಬಿದ್ದಿರುತ್ತದೆ. ಅದರ ಪಕ್ಕದಲ್ಲಿ ಕಂದುಬಣ್ಣದ, ಕಾಲೂ ಬಾಯೂ ಇಲ್ಲದಂತೆ ತೋರುವ ಕೋಶಾವಸ್ಥೆಯ ಜೀವವು ಮಲಗಿರುತ್ತದೆ. ಬೆರಳು ತಗಲಿದರೆ ಹೊಟ್ಟೆಯನ್ನು ತಿರುಗಿಸುತ್ತದೆ. ಹತ್ತು ಹನ್ನೆರಡು ದಿನಗಳಾದ ಮೇಲೆ, ಸಾಮಾನ್ಯವಾಗಿ ಬೆಳಗಿನ ಹೊತ್ತಿನಲ್ಲಿ, ಗೂಡಿನ ಒಂದು ತುದಿ ತೇವಗೊಳ್ಳುತ್ತದೆ. ಒಳಗಿರುವ ಚಿಟ್ಟೆಗೆ ಕಚ್ಚುವ ಹಲ್ಲಿಲ್ಲ; ಅದು ಒಂದು ರಸವನ್ನು ಉಗುಳಿ ಅಂಟನ್ನು ಕರಗಿಸಿ, ಎಳೆಗಳನ್ನು ಪಕ್ಕಕ್ಕೆ ಸರಿಸಿಕೊಂಡು ಹೊರಬರುತ್ತದೆ. ಆ ರಸದಲ್ಲಿರುವ ದ್ರವ್ಯಕ್ಕೆ ವಿಜ್ಞಾನಿಗಳು ಕೊಕೂನೇಸ್ ಎಂದು ಹೆಸರಿಟ್ಟಿದ್ದಾರೆ. ಎಂದರೆ ಸೆರೆಮನೆಯನ್ನು ಕಟ್ಟುವವನೇ ಬೀಗದ ಕೈಯನ್ನೂ ಸಿದ್ಧಮಾಡಿಕೊಳ್ಳುತ್ತಾನೆ.

ಈಗ ಎರಡನೆಯ ದೃಷ್ಟಾಂತಕ್ಕೆ ಬರಬಹುದು. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಅವಧೂತನು ತನ್ನ ಇಪ್ಪತ್ತುನಾಲ್ಕು ಗುರುಗಳನ್ನು ಎಣಿಸುತ್ತ ಕಡೆಯಲ್ಲಿ ಹೇಳುವುದು ಇದನ್ನೇ: ಗೋಡೆಯ ಗೂಡಿನಲ್ಲಿ ಸೆರೆಯಾದ ಕೀಟವು ತನ್ನನ್ನು ಸೆರೆಹಾಕಿದವನನ್ನೇ ಧ್ಯಾನಿಸಿ, ಪೂರ್ವರೂಪವನ್ನು ಬಿಡದೆಯೇ ಅವನ ಸಾರೂಪ್ಯವನ್ನು ಹೊಂದುತ್ತದೆ. ವಿವೇಕಚೂಡಾಮಣಿಯಲ್ಲಿಯೂ ಇದು ಬರುತ್ತದೆ. ವಚನಕಾರರಲ್ಲಿ ಇದೇ ಕೀಡೆ ಕುಂಡಲಿಗಗಳ ಹೋಲಿಕೆ. ಭ್ರಮರವೆಂದರೆ ದುಂಬಿಯೆಂದು ನಿಘಂಟಿನಲ್ಲಿದ್ದರೂ ಮಣ್ಣಿನ ಗೂಡನ್ನು ಕಟ್ಟಿ ಹುಳುವನ್ನು ತಂದಿಡುವುದು ಕಣಜದ ಜಾತಿಯದು. ಹಳೆಯ ಮನೆಗಳ ತೊಲೆಯಲ್ಲಿ, ಬಾಗಿಲ ಚೌಕಟ್ಟಿನಲ್ಲಿ, ಪುಸ್ತಕದ ಕಪಾಟಿನ ಹಿಂದೆ ಅದರ ಗೂಡನ್ನು ಎಲ್ಲರೂ ನೋಡಿರುತ್ತಾರೆ.

ಲೋಕರು ಕಂಡದ್ದು ಎರಡು ಸಂಗತಿಗಳನ್ನು. ಹಸುರು ಹುಳು ಒಳಗೆ ಹೋದುದು ಒಂದು. ಕೆಲವು ದಿನಗಳ ಮೇಲೆ ಅದೇ ಗೂಡಿನಿಂದ ಕಣಜವು ಹೊರಬಂದುದು ಮತ್ತೊಂದು. ಎರಡೂ ಸತ್ಯವೇ. ನಡುವೆ ಏನಾಯಿತೆಂಬುದನ್ನು ನೋಡದೆ ಊಹಿಸಿದ್ದರಿಂದ ಭ್ರಾಂತಿ ಹುಟ್ಟಿತು. ಗೂಡನ್ನು ಒಡೆದು ನೋಡಿದರೆ ಕಾಣುವುದು ಧ್ಯಾನವಲ್ಲ. ತಾಯಿಕಣಜವು ಹುಳುವನ್ನು ಕೊಂಡಿಯಿಂದ ಚುಚ್ಚಿ, ಸಾಯಿಸದೆ, ಅಲುಗಾಡದಂತೆ ಮಾಡಿ ಒಳಗಿಡುತ್ತದೆ. ತನ್ನ ಮೊಟ್ಟೆಯೊಂದನ್ನು ಅಲ್ಲಿಟ್ಟು ಬಾಯಿಗೆ ಮಣ್ಣು ಮೆತ್ತುತ್ತದೆ. ಮೊಟ್ಟೆಯೊಡೆದ ಕಣಜದ ಮರಿಯು ಆ ಜೀವಂತವಾದ ಆಹಾರವನ್ನು ತಿಂದು ಬೆಳೆದು, ಕೋಶಾವಸ್ಥೆಯನ್ನು ಕಳೆದು, ರೆಕ್ಕೆಯೊಂದಿಗೆ ಹೊರಬರುತ್ತದೆ. ಫ್ರಾನ್ಸ್ ದೇಶದಲ್ಲಿ ಉಪಾಧ್ಯಾಯನಾಗಿದ್ದ ಜಾನ್ ಆನ್ರಿ ಫಾಬ್ರನು (೧೮೨೩–೧೯೧೫) ಇಂತಹ ಗೂಡುಗಳನ್ನು ತೆರೆದು, ಒಂದು ಜಾತಿಯ ಕಣಜದ ಮೊಟ್ಟೆಯು ಹುಳುಗಳ ಹೊರಳಾಟಕ್ಕೆ ಸಿಕ್ಕದಂತೆ ಸಣ್ಣ ಎಳೆಯಿಂದ ಮೇಲ್ಛಾವಣಿಗೆ ತೂಗುಬಿದ್ದಿರುವುದನ್ನೂ ಕಂಡು ಬರೆದಿಟ್ಟಿದ್ದಾನೆ.

ಹುಳುವನ್ನು ಮೊಟ್ಟೆಯಿಂದ ಸಾಕಿ ನೋಡಿದವರಿಗೆ ಈ ಭ್ರಾಂತಿ ಅಂಟಲಾರದೆಂಬುದಕ್ಕೆ ಅದಕ್ಕೂ ಹಳೆಯ ನಿದರ್ಶನವೊಂದಿದೆ. ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಮಾರಿಯಾ ಸಿಬಿಲ್ಲಾ ಮೆರಿಯನ್ ಎಂಬ ಬಾಲಿಕೆಯು ೧೬೬೦ರಲ್ಲಿ, ತನ್ನ ಹದಿಮೂರನೆಯ ವಯಸ್ಸಿನಲ್ಲಿ, ಮನೆಯಲ್ಲಿ ರೇಷ್ಮೆಯ ಹುಳುಗಳನ್ನು ಸಾಕಲಾರಂಭಿಸಿದಳು. ಮುಂದೆ ನಾನಾ ಜಾತಿಯ ಹುಳುಗಳನ್ನು ಸಾಕಿ, ಮೊಟ್ಟೆ, ಹುಳು, ಕೋಶ, ಚಿಟ್ಟೆ ನಾಲ್ಕನ್ನೂ ಅವು ತಿನ್ನುವ ಗಿಡದೊಡನೆ ಒಂದೇ ಪಟದಲ್ಲಿ ಚಿತ್ರಿಸಿ, ೧೬೭೯ರಲ್ಲಿ ಗ್ರಂಥವಾಗಿ ಪ್ರಕಟಿಸಿದಳು. ಹುಳುಗಳು ಕೆಸರಿನಿಂದ ತಾವಾಗಿಯೇ ಹುಟ್ಟುತ್ತವೆಂದು ಯೂರೋಪಿನಲ್ಲಿಯೂ ಹಲವರು ನಂಬಿದ್ದ ಕಾಲವದು. ಕೆಲವು ಹುಳುಗಳಿಂದ ಚಿಟ್ಟೆಗೆ ಬದಲಾಗಿ ನೊಣಗಳು ಹೊರಬಂದುದನ್ನೂ ಆಕೆ ಮುಚ್ಚಿಡದೆ ಬರೆದು ಚಿತ್ರಿಸಿದ್ದಾಳೆ.

ಕನ್ನಡನಾಡಿನ ಸಾಕುವವರಿಗೆ ಆ ನೊಣದ ಪರಿಚಯ ಚೆನ್ನಾಗಿದೆ. ೧೯೮೦ರಲ್ಲಿ ಊಜಿ ನೊಣವು ಈ ನಾಡಿನ ರೇಷ್ಮೆಮನೆಗಳಿಗೆ ನುಗ್ಗಿತು. ಅದು ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿಯು ಚರ್ಮವನ್ನು ಕೊರೆದು ಒಳಹೊಕ್ಕು, ಅಲ್ಲಿ ಕರಿಯ ಕಲೆಯನ್ನು ಉಳಿಸಿ, ಹುಳುವನ್ನು ತಿಂದು ಬೆಳೆಯುತ್ತದೆ. ಕೆಲವು ವೇಳೆ ಹುಳುವು ಗೂಡು ಕಟ್ಟಿದ ಮೇಲೆ ಗೂಡನ್ನೇ ತೂತುಮಾಡಿಕೊಂಡು ಹೊರಬೀಳುತ್ತದೆ. ಭ್ರಮರಕೀಟನ್ಯಾಯವು ಇಲ್ಲಿ ತಟ್ಟೆಯ ಮೇಲೆಯೇ ನಡೆಯುತ್ತದೆ. ಆದರೆ ಹುಳುವು ನೊಣವನ್ನು ಧ್ಯಾನಿಸಿ ನೊಣವಾಯಿತೆಂದು ಯಾವ ಒಕ್ಕಲಗಿತ್ತಿಯೂ ಹೇಳುವುದಿಲ್ಲ. ಆಕೆ ಕಿಟಕಿಗೆ ಬಲೆಯನ್ನು ಕಟ್ಟುತ್ತಾಳೆ. ಗೌತಮನು ಹೇಳಿದ ಲೌಕಿಕನ ಒಪ್ಪಿಗೆ ಇಲ್ಲಿ ತಪ್ಪಿತು. ಪರೀಕ್ಷಕನ ಒಪ್ಪಿಗೆಯೂ ತಪ್ಪಿತು.

ಇಲ್ಲಿ ಪೂರ್ವಪಕ್ಷವೊಂದು ಬರಬಹುದು: “ದೃಷ್ಟಾಂತಕ್ಕೂ ದಾರ್ಷ್ಟಾಂತಿಕಕ್ಕೂ ಸರ್ವಾಂಶದಲ್ಲಿ ಸಾಮ್ಯವಿರಬೇಕಾಗಿಲ್ಲ, ಸರ್ವಾಂಶದಲ್ಲಿ ಸಾಮ್ಯವಿದ್ದರೆ ಅವು ಎರಡಾಗಿಯೇ ಉಳಿಯಲಾರವು, ಇದನ್ನು ಶಂಕರಾಚಾರ್ಯರೇ ಭಾಷ್ಯದಲ್ಲಿ ಹೇಳಿದ್ದಾರೆ. ಹೀಗಿರಲು ಹುಳುವಿನ ಜಾತಕವನ್ನೆಲ್ಲ ಬಿಚ್ಚುವುದೇಕೆ?” ಎಂದು. ಆಕ್ಷೇಪವು ಸರಿ. ಆದರೆ ಸರ್ವಾಂಶ ಬೇಡವೆಂದಮಾತ್ರಕ್ಕೆ ವಿವಕ್ಷಿತಾಂಶವೂ ಬೇಡವೆಂದಾಗದು. ಮುಖವು ಚಂದ್ರನಂತಿದೆ ಎಂದಾಗ ಚಂದ್ರನ ಕಲಂಕವನ್ನು ಬಿಡಬಹುದು; ಕಾಂತಿಯನ್ನೇ ಬಿಡಲಾಗದು. ಕೋಶಕಾರದಲ್ಲಿ ವಿವಕ್ಷಿತವಾದುದು ತನ್ನಿಂದಲೇ ತನಗಾದ ಬಂಧನ, ಅದು ಸತ್ಯ. ಅದು ಶಾಶ್ವತವೆಂಬುದು ಮಾತ್ರ ಸೇರಿಸಿಕೊಂಡ ಮಾತು. ಭ್ರಮರಕೀಟದಲ್ಲಿ ವಿವಕ್ಷಿತವಾದುದು ಒಂದು ಜೀವವು ಮತ್ತೊಂದಾಗಿ ಪರಿಣಮಿಸುವುದು, ಅದೇ ಅಸತ್ಯ. ಆದ್ದರಿಂದ ಮೊದಲನೆಯದನ್ನು ತಿದ್ದಿ ಉಳಿಸಿಕೊಳ್ಳಬಹುದು, ಎರಡನೆಯದನ್ನು ದೃಷ್ಟಾಂತವೆಂದು ಉಳಿಸಿಕೊಳ್ಳಲಾಗದು. ಕವಿಸಮಯವೆಂದು ಚಕೋರದ ಪಕ್ಕದಲ್ಲಿ ಇಟ್ಟುಕೊಳ್ಳಬಹುದಷ್ಟೆ. ಧ್ಯಾನಿಸಿದಂತೆ ಆಗುತ್ತಾನೆಂಬ ತತ್ತ್ವಕ್ಕೆ ಇದರಿಂದ ಲೇಶವೂ ಬಾಧೆಯಿಲ್ಲ. ಊರುಗೋಲು ಮುರಿದರೆ ನಡೆಯುವವನು ಮುರಿದಂತಾಗಲಿಲ್ಲ.

ಈ ಎರಡು ಹೋಲಿಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಆಶ್ಚರ್ಯಕರವಾದ ಸಂಗತಿಯೊಂದು ಹೊರಡುತ್ತದೆ. ಯಾವುದನ್ನು ಬಂಧದ ದೃಷ್ಟಾಂತವೆಂದರೋ ಆ ಹುಳುವು ಹೊಸ ದೇಹವನ್ನು ಪಡೆದು ಹೊರಬರುತ್ತದೆ. ಯಾವುದನ್ನು ಮುಕ್ತಿಯ ದೃಷ್ಟಾಂತವೆಂದರೋ ಆ ಹುಳುವು ಕತ್ತಲೆಯಲ್ಲಿ ತಿನ್ನಲ್ಪಡುತ್ತದೆ. ಎರಡು ಹುಳುಗಳ ಹಣೆಬರಹವೂ ಅದಲುಬದಲಾಗಿದೆ. ಪೂರ್ವರೂಪವನ್ನು ಬಿಡದೆಯೇ ರೂಪಾಂತರವನ್ನು ಹೊಂದುವುದೆಂದು ಭಾಗವತವು ಹೇಳಿದ ಮಾತು ಗೋಡೆಯ ಗೂಡಿಗೆ ಹೊಂದದೆ ಚಂದ್ರಿಕೆಯ ಗೂಡಿಗೆ ಹೊಂದುತ್ತದೆ: ಆಹಾರವನ್ನು ತೊರೆದ ಅದೇ ಹುಳುವು, ಏಕಾಂತವನ್ನು ಸೇರಿದ ಅದೇ ಹುಳುವು, ರೆಕ್ಕೆಗಳುಳ್ಳದ್ದಾಗಿ ಬರುತ್ತದೆ, ಬೇರೊಂದು ಜೀವವಲ್ಲ.

ಇಷ್ಟಾದ ಕೂಡಲೆ “ಹಾಗಾದರೆ ರೇಷ್ಮೆಯ ಹುಳುವೇ ಮುಕ್ತಿಗೆ ದೃಷ್ಟಾಂತವಾಗಲಿ” ಎಂದು ಹೊಸ ಕವಿಗಳು ಹಿಗ್ಗಬಾರದು. ಗೂಡನ್ನು ಸೀಳಿ ಆಕಾಶಕ್ಕೆ ಹಾರುವ ಚಿಟ್ಟೆಯ ವರ್ಣನೆ ಈಚಿನ ಪದ್ಯಗಳಲ್ಲಿಯೂ ಶಾಲೆಯ ಭಾಷಣಗಳಲ್ಲಿಯೂ ಹೇರಳವಾಗಿದೆ. ರೇಷ್ಮೆಯ ಚಿಟ್ಟೆಯ ವಿಷಯದಲ್ಲಿ ಅದೂ ಸಾಕದೆ ಬರೆದ ಮಾತೇ ಸರಿ. ಸಾವಿರಾರು ವರ್ಷ ಮನುಷ್ಯನ ಮನೆಯಲ್ಲಿ ಸಾಕಲ್ಪಟ್ಟ ಈ ಚಿಟ್ಟೆಗೆ ರೆಕ್ಕೆಗಳುಂಟು, ಹಾರಾಟವಿಲ್ಲ. ಗಂಡು ರೆಕ್ಕೆಯನ್ನು ಬಡಿಯುತ್ತ ಹೆಣ್ಣನ್ನು ಹುಡುಕಿ ನಡೆಯುತ್ತದೆ. ಹೆಣ್ಣು ಬಸಿರ ಭಾರದಿಂದ ಕುಳಿತಲ್ಲೇ ಕುಳಿತಿರುತ್ತದೆ. ಅದಕ್ಕೆ ಆಹಾರವನ್ನು ತಿನ್ನುವ ಬಾಯಿಲ್ಲ. ಕೂಡಿ, ಮೊಟ್ಟೆಯಿಟ್ಟು, ಕೆಲವೇ ದಿನಗಳಲ್ಲಿ ಅದು ಮಡಿಯುತ್ತದೆ. ಮುಕ್ತಿಯ ವರ್ಣನೆಗೆ ಇದು ಒದಗದು. ಸಾಕಣೆಯ ಋಣವನ್ನು ಕುರಿತು ಬರೆಯುವ ಕವಿಗೆ ಮಾತ್ರ ಇದರಲ್ಲಿ ಯಾರೂ ಮುಟ್ಟದ ವಸ್ತುವೊಂದು ಕಾದಿದೆ.

ಕಡೆಯ ಮಾತೊಂದು ಗೃಹಸ್ಥರಿಗೆ ಸಂಬಂಧಿಸಿದುದು. ದೇವರ ಪೂಜೆಗೆ, ಪುರಾಣಶ್ರವಣಕ್ಕೆ ಪಟ್ಟೆಯ ಮಡಿಯು ಶ್ರೇಷ್ಠವೆಂಬ ನಂಬಿಕೆ ಮನೆಮನೆಯಲ್ಲಿಯೂ ಇದೆ. ಒಂದು ಪಟ್ಟೆಸೀರೆಗೆ ಸಾವಿರಾರು ಗೂಡುಗಳು ಹಂಡೆಗೆ ಇಳಿಯಬೇಕು. ಏಕೆಂದರೆ ಚಿಟ್ಟೆ ಹೊರಬಂದ ಗೂಡಿನಿಂದ ಕಡಿಯದ ಎಳೆಯನ್ನು ಬಿಚ್ಚಲಾಗದು. ಅಂತಹ ಮಡಿಯನ್ನುಟ್ಟು ಕುಳಿತು, ಹುಳುವು ತನ್ನ ದುರಾಶೆಯಿಂದ ತಾನೇ ಸತ್ತಿತೆಂಬ ವ್ಯಾಖ್ಯಾನವನ್ನು ತಲೆದೂಗಿ ಕೇಳುವುದರಲ್ಲಿ ನಗೆಯೂ ಇದೆ, ಅನ್ಯಾಯವೂ ಇದೆ. ರೇಷ್ಮೆಯನ್ನು ತೊರೆಯಬೇಕೆಂದು ಇದರ ತಾತ್ಪರ್ಯವಲ್ಲ. ಲಕ್ಷಾಂತರ ಬಡಕುಟುಂಬಗಳ ಅನ್ನವು ಆ ಹುಳುವಿನಿಂದಲೇ ಬರುತ್ತಿದೆ; ಚಿಟ್ಟೆಯನ್ನು ಹೊರಬಿಟ್ಟು, ಉಳಿದ ಗೂಡನ್ನು ಹತ್ತಿಯಂತೆ ನೂತು ಮಾಡುವ ಅಹಿಂಸಾ ರೇಷ್ಮೆಯೂ ಈಗ ದೊರೆಯುತ್ತದೆ, ಹೊಳಪು ಸ್ವಲ್ಪ ಕಡಿಮೆ; ಆರಿಸಿಕೊಳ್ಳುವುದು ಅವರವರ ಮನಸ್ಸಿಗೆ ಸೇರಿದುದು. ಕೊಂದವನ ದೋಷವನ್ನು ಸತ್ತುದರ ಮೇಲೆ ಹೊರಿಸದಿರುವುದು ಮಾತ್ರ ಎಲ್ಲರಿಗೂ ಸೇರಿದುದು. ಅಕ್ಕನು ಅದನ್ನು ಹೊರಿಸಲಿಲ್ಲ. ಬೇಯುವ ಸಂಕಟವನ್ನು ತನ್ನದೆಂದೇ ಹೇಳಿಕೊಂಡಳು.

ಆದುದರಿಂದ ಈ ವಚನವನ್ನೂ ಶ್ಲೋಕಗಳನ್ನೂ ಮಕ್ಕಳಿಗೆ ಹೇಳಿಕೊಡುವ ಮನೆಗಳಲ್ಲಿ ಒಂದು ಸಲವಾದರೂ ಹುಳುವನ್ನು ಮೊಟ್ಟೆಯಿಂದ ಸಾಕಿ ನೋಡುವುದು ಉಚಿತ. ಅದಕ್ಕೆ ಬೇಕಾದುದು ಬಹಳವಿಲ್ಲ: ಕೆಲವು ಮೊಟ್ಟೆಗಳು, ಅಗಲವಾದ ಒಂದು ತಟ್ಟೆ, ಔಷಧಿ ಹೊಡೆಯದ ಹಿಪ್ಪುನೇರಳೆಯ ಗಿಡ, ತೊಳೆದ ಕೈ, ಮತ್ತು ಏಳು ವಾರಗಳ ತಾಳ್ಮೆ. ತೇವದ ಎಲೆಯನ್ನು ಹಾಕಬಾರದು. ಜ್ವರದಲ್ಲಿ ನಿಂತ ಹುಳುವನ್ನು ಕದಲಿಸಬಾರದು. ಸಪ್ಪೆರೋಗವೋ ಹಾಲುತೊಂಡೆಯೋ ತಗಲಿದ ಹುಳುವನ್ನು ಕೂಡಲೆ ಬೇರ್ಪಡಿಸಬೇಕು. ಗೂಡಾದ ಮೇಲೆ ಅದನ್ನು ಹಾಗೆಯೇ ಬಿಟ್ಟು ಕಾಯಬೇಕು. ಗೂಡಿನ ತುದಿ ತೇವಗೊಂಡ ಬೆಳಗ್ಗೆ ಹುಡುಗನನ್ನು ಎಬ್ಬಿಸಿ ತಟ್ಟೆಯ ಮುಂದೆ ಕುಳ್ಳಿರಿಸಿ, ನಾರದರು ಶುಕನಿಗೆ ಹೇಳಿದ ಶ್ಲೋಕವನ್ನು ಆಗ ಓದಿಸಿದರೆ, ಮೂಲವು ಎಷ್ಟನ್ನು ಹೇಳಿದೆ, ಎಷ್ಟನ್ನು ಹೇಳದೆ ಬಿಟ್ಟಿದೆ ಎಂಬುದನ್ನು ಅವನೇ ಹೇಳುತ್ತಾನೆ. ಗುರುವಾದವನು ಶ್ಲೋಕವನ್ನೂ ಬಿಡಬೇಕಾಗಿಲ್ಲ, ಹುಡುಗನ ಬಾಯಿಯನ್ನೂ ಮುಚ್ಚಿಸಬೇಕಾಗಿಲ್ಲ.